ಕೀಚಕನ ಗುಟ್ಟು ಕಾಯುವವರಿಗೆ

ಜಾಲತಾಣದ ಗೌಪ್ಯತಾ ಅಧಿಕಾರಿಗಳೇ, ಸಮಸ್ತ ಜನರ ಗುಟ್ಟುಗಳ ದ್ವಾರಪಾಲಕರೇ,

ನಿಮ್ಮ ಗೆಳೆತನದ ತಾಣ ನನ್ನ ಮಾಹಿತಿಯನ್ನು ಊರಿಗೆಲ್ಲ ಹಂಚಿದ್ದರಿಂದ, ಈ ತಿಂಗಳ ಕೊನೆಗೆ ನಾನು ವಿಜಯನಗರದ ಬಾಡಿಗೆ ಮನೆಯಿಂದ ಹೆಂಡತಿಸಮೇತ ಹೊರಬೀಳಬೇಕಾಗಿದೆ. ಅಪರಾಧ ಕೀಚಕನದು, ವನವಾಸ ನನಗೆ! ಇದು ಯಾವ ಯುಗದ ನ್ಯಾಯ?

ಹಗಲಿನಲ್ಲಿ ನಾನು ಗುಮಾಸ್ತ, ರಂಗದ ಮೇಲೆ ಕೀಚಕ. ನಮ್ಮ ನಾಟಕ ಮಂಡಳಿಯಲ್ಲಿ ಭೀಮನ ಪಾತ್ರ ಮಾಡುವ ಶ್ರೀಶ ನನ್ನನ್ನು ಮಾರೇನಹಳ್ಳಿಯ ಸೈಬರ್ ಸೆಂಟರಿಗೆ ಎಳೆದೊಯ್ದ. “ಅಣ್ಣಾ, ಪಾತ್ರದ ಹೆಸರಲ್ಲೇ ಒಂದು ಪ್ರೊಫೈಲ್ ಹಾಕಿ. ನಾಟಕಕ್ಕೆ ಜನ ನುಗ್ತಾರೆ!” ಹಾಕಿದೆ. ಹೆಸರು ಕೀಚಕ; ಉದ್ಯೋಗ ಮತ್ಸ್ಯದೇಶದ ಸೇನಾಪತಿ; ಹವ್ಯಾಸ ಪರಸ್ತ್ರೀಯರನ್ನು ಕಾಡುವುದು. ಪಾತ್ರಕ್ಕೆ ದ್ರೋಹ ಬಗೆಯಲಾದೀತೇ? ವಿಳಾಸ, ದೂರವಾಣಿ ಮಾತ್ರ ನನ್ನವೇ. ಯಾರಿಗೂ ಕೊಡುವುದಿಲ್ಲವೆಂದು ನೀವು ವಚನವಿತ್ತಿದ್ದಿರಿ. ಗೆಳೆಯರನ್ನು ಹುಡುಕಿಕೊಡುತ್ತೇವೆಂದು ಇಮೇಲಿನ ಪಾಸ್‌ವರ್ಡ್ ಬೇಡಿದಿರಿ. ಕರ್ಣನಂತೆ ಅದನ್ನೂ ಧಾರೆಯೆರೆದೆ.

ಮರುದಿನದಿಂದಲೇ ಫೋನು. ನನ್ನ ಹೆಂಡತಿ ಕೋಕಿಲಾ ರಿಸೀವರಿಗೆ ಕೈ ಅಡ್ಡ ಹಿಡಿದು ಕೂಗುತ್ತಾಳೆ: “ರೀ, ಕೀಚಕ ಸಾರ್‌ಗೆ ಹೋಮ್ ಲೋನ್ ಬೇಕಾ ಅಂತೆ. ವಿರಾಟರಾಯರು ಜಾಮೀನು ಹಾಕ್ತಾರಾ?” ಸಂಜೆ ಮತ್ತೊಂದು: “ಈಗ ಜೀವವಿಮೆಯವರು ಕಣ್ರೀ. ಭೀಮನ ವಿಷಯ ಹೇಳ್ಬಿಡ್ಲಾ?”

ಇಲ್ಲಿಗೇ ತೆರೆ ಬಿದ್ದಿದ್ದರೆ ನಾನೂ ನಗುತ್ತಿದ್ದೆ. ಆದರೆ ನನ್ನ ಇಮೇಲಿನಲ್ಲಿದ್ದ ಪ್ರತಿಯೊಬ್ಬರಿಗೂ ನೀವು ‘ಕೀಚಕ ನಿಮ್ಮ ಗೆಳೆತನ ಬಯಸುತ್ತಾನೆ’ ಎಂದು, ಹವ್ಯಾಸ ವಿಳಾಸಗಳ ಸಮೇತ ಬರೆದಿರಿ. ಮಹಡಿಯ ಮೇಲಿರುವ ಮನೆ ಮಾಲೀಕರು ಏಕಾಂತಯ್ಯನವರು. ಅವರಿಗೂ ಅವರ ಶ್ರೀಮತಿ ಪುಟ್ಟಲಕ್ಷ್ಮಿಯವರಿಗೂ ಒಂದೇ ಇಮೇಲ್ ಖಾತೆ. ನಿಮ್ಮ ಕಾಗದವನ್ನು ಮೊದಲು ತೆರೆದವರು ಆ ತಾಯಿ!

ಏಕಾಂತಯ್ಯನವರು ಮೆಟ್ಟಿಲಿಳಿದು ಬಂದರು. “ಏನ್ರೀ ಜಗನ್ನಾಥ್, ಫ್ಯಾಮಿಲಿ ಅಂತ ಮನೆ ಕೊಟ್ರೆ, ನನ್ನ ಮನೆ ವಿಳಾಸ ಹಾಕಿ ನನ್ನ ಹೆಂಡತೀಗೇ ಬರೀತೀರಾ?”

“ಸಾರ್, ಅದು ನಾನಲ್ಲ, ಕೀಚಕ!”

“ಕೀಚಕನಿಗೆ ನಾನು ಮನೆ ಕೊಟ್ಟಿಲ್ಲ ಕಣ್ರೀ. ಖಾಲಿ ಮಾಡಿ.”

ಪ್ರೊಫೈಲ್ ಅಳಿಸಿರೆಂದು ನಿಮಗೆ ಮೊರೆಯಿಟ್ಟೆ. ಉತ್ತರ ಬಂತು: ಖಾತೆದಾರರ ಗೌಪ್ಯತೆಯ ದೃಷ್ಟಿಯಿಂದ ಶ್ರೀ ಕೀಚಕರ ಗುರುತಿನ ಚೀಟಿ ಬೇಕು; ಅವರು ಮೃತರಾಗಿದ್ದಲ್ಲಿ ಮರಣ ಪ್ರಮಾಣಪತ್ರ ಬೇಕು. ಭಲೇ! ಸಾಲದವನಿಗೆ, ವಿಮೆಯವನಿಗೆ ನನ್ನ ನಂಬರು ಕೊಡುವಾಗ ಯಾರ ಚೀಟಿ ನೋಡಿದಿರಿ? ನನ್ನ ಗುಟ್ಟನ್ನು ನನ್ನೊಬ್ಬನಿಂದ ಮಾತ್ರ ಕಾಪಾಡುವುದು ನಿಮ್ಮ ಕಾವಲೇ? ಇನ್ನು ಮರಣವೇ? ಸತ್ತಿದ್ದಾನೆ ಸ್ವಾಮಿ! ರಾಜಾಜಿನಗರದಲ್ಲಿ ಸತ್ತಿದ್ದಾನೆ, ಕೆಂಗೇರಿಯಲ್ಲಿ ‘ಒನ್ಸ್ ಮೋರ್’ ಎಂದಾಗ ಎದ್ದು ಬಂದು ಮತ್ತೊಮ್ಮೆ ಸತ್ತಿದ್ದಾನೆ. ಯಾವ ಕಚೇರಿ ಇದಕ್ಕೆ ಮೊಹರು ಒತ್ತುತ್ತದೆ?

ಆದ್ದರಿಂದ ನನ್ನ ಆಗ್ರಹವಿಷ್ಟು. ಪ್ರೊಫೈಲ್ ಅಳಿಸಿ. ನನ್ನ ಮಾಹಿತಿ ಯಾರ್ಯಾರ ಕೈ ಸೇರಿದೆಯೋ ತಿಳಿಸಿ. ಮತ್ತು ಏಕಾಂತಯ್ಯನವರಿಗೆ, ‘ತಮ್ಮ ಶ್ರೀಮತಿಯವರನ್ನು ಕಾಡಿದವನು ಜಗನ್ನಾಥನೂ ಅಲ್ಲ, ಕೀಚಕನೂ ಅಲ್ಲ, ಆ ಕಾಗದ ಬರೆದವರು ನಾವೇ’ ಎಂದು ಬರೆದು ಸಹಿ ಹಾಕಿ. ತಿಂಗಳ ಕೊನೆಯೊಳಗೆ ಇದಾಗದಿದ್ದರೆ ಲಾರಿ ಬಂದು ನಿಲ್ಲುತ್ತದೆ. ಹೊಸ ಮನೆಯ ವಿಳಾಸ ನಿಮಗೆ ತಿಳಿಸುವ ಅಗತ್ಯ ಕಾಣೆ. ನನಗಿಂತ ಮೊದಲು ನಿಮಗೇ ಗೊತ್ತಾಗುತ್ತದೆ.

ಇಂತಿ,
ಸ್ವಂತ ಹೆಂಡತಿಯ ಹೊರತು ಇನ್ನಾರನ್ನೂ ಕಾಡದ,
ಜಗನ್ನಾಥ