ನಿನ್ನ ಸಿನಿಮಾದಲ್ಲಿ ನನ್ನ ಎಂಟನೇ ಕ್ಲಾಸು

ಪ್ರಮೋದಾ,

ನೀನು ಸತ್ತ ಮೂರು ತಿಂಗಳಿಗೆ ನೀನು ಕಥೆ ಬರೆದ ಸಿನಿಮಾ ದೊಡ್ಡಬಳ್ಳಾಪುರಕ್ಕೆ ಬಂತು. ಇವತ್ತು ನೋಡಿದೆ.

ಬೆಳ್ಳಕ್ಕಿ ಸಾಲು ಹಾರುವಾಗ ಇಬ್ಬರು ಹುಡುಗಿಯರು ಉಗುರು ಉಜ್ಜಿ ಆಸೆ ಕೇಳಿಕೊಳ್ಳುತ್ತಾರಲ್ಲ, ಅದು ನಾವೇ. ಉಗುರಲ್ಲಿ ಬಿಳಿ ಚುಕ್ಕೆ ಬಿದ್ದರೆ ಕೇಳಿದ್ದು ಸಿಗುತ್ತದೆಂದು ನಂಬಿದ್ದೆವು. ನೀನು ಹೊಸ ಲಂಗ ಕೇಳಿದೆ. ನಾನು ನಿನ್ನ ಜೊತೆ ಎಂಟನೇ ಕ್ಲಾಸು ಕೇಳಿದೆ. ಅಲ್ಲಿಯವರೆಗೆ ಎಲ್ಲ ನಿಜ.

ಆಮೇಲೆ ಸಿನಿಮಾದಲ್ಲಿ ನಿಮ್ಮಪ್ಪ ಯೂನಿಫಾರಂ ತಂದು ಕೂಲಿಯವಳ ಮಗಳಾದ ನನ್ನನ್ನು ಸ್ಕೂಲಿಗೆ ಕಳಿಸುತ್ತಾರೆ. ಯಾವ ಅಪ್ಪ? "ಇವ್ಳು ಓದೋಕ್ ಹೋದ್ರೆ ನಮ್ ರೇಷ್ಮೆ ಹುಳಕ್ಕೆ ಸೊಪ್ಪು ಯಾರೇ ಹಾಕ್ತಾರೆ?" ಎಂದು ನಮ್ಮವ್ವನನ್ನು ಗದರಿಸಿದವರು ತಾನೆ? ನೀನು ಬಾಗಿಲಲ್ಲೇ ನಿಂತಿದ್ದೆ. ಈ ಸುಳ್ಳು ಹೆಣೆದದ್ದು ಅಪ್ಪನನ್ನು ತೊಳೆಯಲಿಕ್ಕೋ, ನೀನು ನೆಮ್ಮದಿಯಾಗಿರಲಿಕ್ಕೋ?

ಜನ ಕಣ್ಣೊರೆಸಿಕೊಂಡು ಹೊರಬಂದರು. ನನ್ನ ಮಗಳು ಸಿಂಧು ನನ್ನನ್ನೇ ದಿಟ್ಟಿಸಿದಳು.

"ಅಮ್ಮಾ, ಓದೋಕೆ ಬಿಡ್ಲಿಲ್ಲ ಅಂತಿದ್ದೆ. ಅವ್ರೇ ಕಳ್ಸಿದ್ರಂತಲ್ಲ? ಫೇಲಾಗಿ ಬಿಟ್ಬಿಟ್ಯಾ? ನಿಜ ಹೇಳು."

ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿ ಗೇಟಿನಲ್ಲಿ ಮೈಕು ಹಿಡಿದು ಮಾಲೀಕರಿಗೆ ಸವಾಲು ಹಾಕಿದವಳು ನಾನು. ಮಗಳಿಗೆ ನಡೆದದ್ದನ್ನು ಹೇಳಿದರೆ, "ಮತ್ತೆ ಸಿನಿಮಾದಲ್ಲಿ?" ಅಂದಳು.

ಕಥೆ ಬರೆಯುವಾಗ ನೀನು ಮೂರು ಸಲ ಫೋನು ಮಾಡಿದೆ. ನಾನು ಎತ್ತಲಿಲ್ಲ. "ಅವತ್ತಿಂದು ನಿನ್ ಬಾಯಲ್ಲೇ ಕೇಳ್ಬೇಕು ಕಣೇ, ನಂಗೆ ಧೈರ್ಯ ಸಾಲ್ತಿಲ್ಲ" ಎಂದು ನೀನು ಮೆಸೇಜು ಹಾಕಿದೆ. ದೊಡ್ಡವರ ಮನೆಯವಳ ನಾಟಕ ಎಂದುಕೊಂಡು ನಾನು ನಿನ್ನ ನಂಬರನ್ನೇ ಬ್ಲಾಕ್ ಮಾಡಿದೆ.

ಸಿಂಧು ಇನ್ನೂ ನನ್ನನ್ನು ನಂಬಿಲ್ಲ. ನಮ್ಮವ್ವ ಇಲ್ಲ, ನಿಮ್ಮಪ್ಪ ಇಲ್ಲ. ನನ್ನ ಪರವಾಗಿ ಸಾಕ್ಷಿ ಹೇಳಲು ಉಳಿದಿದ್ದವಳು ನೀನೊಬ್ಬಳೇ.