ಮುಚ್ಚಳ ತೆಗೆಯಬೇಡ, ಅಪ್ಪಾ

ಅಪ್ಪಾ,

ಆಸ್ಪತ್ರೆಗೆ ಡ್ಯೂಟಿಗೆ ಹೊರಟೆ, ಸಂಜೆ ಏಳಕ್ಕೆ ಬರುತ್ತೇನೆ. ಇನ್‌ಕ್ಯುಬೇಟರ್‌ನಲ್ಲಿ ಎರಡು ಕೋಳಿಮೊಟ್ಟೆ ಬಿರುಕು ಬಿಟ್ಟಿವೆ, ಮರಿ ಹೊರಬರುವ ಹೊತ್ತು. ಇವತ್ತು ಮುಚ್ಚಳ ತೆಗೆಯಬೇಡ. ನೋಡಬೇಕಾದರೆ ಗಾಜಿನ ಮೂಲಕ ನೋಡು.

ತೇವಾಂಶದ ಮೀಟರ್ ಅರವತ್ತೈದಕ್ಕಿಂತ ಕೆಳಗಿಳಿದರೆ ಪಕ್ಕದ ಕೊಳವೆಯಲ್ಲಿ ಒಂದು ಸಿರಿಂಜ್ ಉಗುರುಬೆಚ್ಚಗಿನ ನೀರು ಬಿಡು. ಅಷ್ಟೇ ಕೆಲಸ. ಮರಿ ಹೊರಬಂದರೂ ಮೈ ಒಣಗುವವರೆಗೆ ಅಲ್ಲೇ ಇರಲಿ, ಅದಕ್ಕೆ ಈಗಲೇ ಹಸಿವಾಗುವುದಿಲ್ಲ.

ಕೀಚ್ ಕೀಚ್ ಅನ್ನುತ್ತವೆ, ಅನ್ನಲಿ. ಹೋದ ಸಲ ನೀನು "ಪಾಪ, ಕರೀತಿದೆ ಕಣೇ" ಅಂತ ಮುಚ್ಚಳ ತೆಗೆದು ಚಿಪ್ಪು ಬಿಡಿಸಲು ಕೂತೆ. ತೇವವೆಲ್ಲ ಆರಿ, ಒಳಪೊರೆ ಒಣಗಿ ಮೂರು ಮರಿಗಳ ಮೈಗೆ ಅಂಟಿಕೊಂಡಿತು. ಮೂರೂ ಹೋದವು. ಎರಡು ದಿನ ನೀನು ಸರಿಯಾಗಿ ಊಟ ಮಾಡಲಿಲ್ಲ. ಈ ಸಲ ಹಾಗಾಗಲು ನಾನು ಬಿಡುವುದಿಲ್ಲ.

ಮುಚ್ಚಳಕ್ಕೆ ಪ್ಲಾಸ್ಟರ್ ಅಂಟಿಸಿ ಮೇಲೆ ಸಹಿ ಹಾಕಿದ್ದೇನೆ. ಕಿತ್ತು ಮತ್ತೆ ಅಂಟಿಸಿದರೆ ಗೊತ್ತಾಗುತ್ತದೆ, ದಿನವಿಡೀ ನಾನು ಮಾಡುವುದು ಅದೇ ಕೆಲಸ.

ಶಾಲೆಯ ಮೊದಲ ದಿನ ನಾನು ಅಳುತ್ತೇನೆ ಅಂತ ಗೇಟಿನಿಂದಲೇ ವಾಪಸ್ ಎತ್ತಿಕೊಂಡು ಬಂದವನು ನೀನು. ಮಾರನೇ ದಿನ ಅಮ್ಮ ನನ್ನನ್ನು ಬಿಟ್ಟು, ತಿರುಗಿಯೂ ನೋಡದೆ ಬಂದಳು.

ಇವತ್ತೊಂದು ದಿನ ನೀನು ಅಮ್ಮನಾಗಿರು.