ಹನ್ನೊಂದಕ್ಕೆ ಹನ್ನೊಂದು

ಜುಲೈ ೨, ಸೋಮವಾರ

ಸರ್ವೆ ಮುಗಿಯಿತು. ಎಂಟು ಮನೆ ಕೇಳಿದರೆ ಸಾಕೆಂದಿದ್ದರು ಪಟ್ಟಣದ ಕಚೇರಿಯವರು. ಊರಿನ ಹನ್ನೊಂದೂ ಕೇಳಿದೆ. ಹಬ್ಬಕ್ಕೆ ಮುಂಚೆ ಕಾರ್ಮೆಲ್ ಮಾತೆಯ ಪ್ರತಿಮೆಯನ್ನು ಮನೆಮನೆಗೆ ಹೊತ್ತೊಯ್ಯುವ ದಿನಗಳು... ಸರ್ವೆಯ ಕಾಗದವೂ ಜೊತೆಗಿತ್ತು. ಮೂರು ಮನೆ ದಾಟಿ ಹೋದರೆ ವರ್ಷವಿಡೀ ಮುಖ ತಿರುಗಿಸುತ್ತಾರೆ.

ಕೊನೆಯ ಪ್ರಶ್ನೆ — ಹೊಳೆಯ ಮೇಲ್ಭಾಗದ ಬಂದೂಕಿನವರ ಮೇಲೆ ದೂರು ಕೊಟ್ಟಿದ್ದೀರಾ? ನನ್ನದೂ ಸೇರಿ ಹತ್ತು ಮನೆ ಇಲ್ಲ ಅಂದವು. ನಿಕೊಲಾಸಾ ಮಾತ್ರ ಪ್ರತಿಮೆ ನೋಡಿದಳು. "ಇವಳ ಎದುರಿಗೆ ಸುಳ್ಳು ಹೇಳ್ಲಾ ಕೊಮಾದ್ರೆ? ಕೊಟ್ಟಿದ್ದೀನಿ." ಅವಳ ಮಗಳಿಗೆ ನಾನು ಜ್ಞಾನತಾಯಿ, ಅದಕ್ಕೇ ನಾವು ಕೊಮಾದ್ರೆಗಳು. "ಹೆಸರು ಬರೆಯಲ್ಲ ಕಣೆ. ಯಾರು ಅಂತ ಯಾರಿಗೂ ಗೊತ್ತಾಗಲ್ಲ," ಎಂದೆ. ಮಾತೆಯ ಎದುರಿಗೇ.

ಜುಲೈ ೬

ಪಟ್ಟಣದ ಕಚೇರಿ. ಅಲ್ಲಿನ ಹುಡುಗಿ ಯಾದಿರಾ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಳು.

"ಊರಲ್ಲಿ ಒಟ್ಟು ಎಷ್ಟು ಮನೆ, ದೋನ್ಯಾ ಓತೀಲಿಯಾ? ಅದನ್ನ ಕೊಟ್ರೇನೇ ಇದು ಲೆಕ್ಕ ಹಾಕೋದು."

ಕೆಳಗಿನ ಊರಿನಲ್ಲಿ ನಲವತ್ತು ಮನೆ, ಕೇಳಿದ್ದು ಎಂಟು. ಒಂದು ಮನೆಯ ಮಾತು ಐದು ಮನೆಯ ಮಾತಂತೆ. ಯಾವ ಐದೋ, ಯಾರಿಗೆ ಗೊತ್ತು.

"ಹನ್ನೊಂದು," ಎಂದೆ.

ಒತ್ತಿದಳು. ನಕ್ಕಳು. "ಅಬ್ಬಾ! ತಪ್ಪಾಗೋ ಅಂತರ ಸೊನ್ನೆ! ಊರನ್ನೇ ಜಾಲಾಡಿಬಿಟ್ಟಿದ್ದೀರಲ್ಲ. ಇಷ್ಟು ಖಚಿತ ಯಾರದ್ದೂ ಇಲ್ಲ."

ಪರದೆ ನೋಡಿದೆ. ಒಟ್ಟು ಹನ್ನೊಂದು. ಕೇಳಿದ್ದು ಹನ್ನೊಂದು. ದೂರು ಕೊಟ್ಟ ಮನೆ — ಒಂದು.

ಆ ಒಂದನ್ನು ಹುಡುಕಲು ಹನ್ನೊಂದು ಬಾಗಿಲು ತಟ್ಟಿದರೆ ಸಾಕು.

"ಕೆಳಗಿನ ಊರಿನ ಜೊತೆ ಸೇರಿಸಿಬಿಡು ಮಗಾ."

"ಮೇಲಧಿಕಾರಿಗಳನ್ನ ಕೇಳ್ಬೇಕು ದೋನ್ಯಾ. ಸೋಮವಾರ ನೋಡೋಣ."

ಜುಲೈ ೧೪

ಸೇರಿಸಲಿಲ್ಲ. ಸರ್ವೆಯ ಲೆಕ್ಕವನ್ನು ಪುರಸಭೆಯ ಗೋಡೆಗೆ ಅಂಟಿಸಿದ್ದಾರೆ, ಊರಿನ ಹೆಸರಿನೊಂದಿಗೆ. ಬಾಳೆಕಾಯಿ ಮಾರಲು ಹೋಗಿದ್ದ ಹಸಿಂತೊ ಓದಿ ಬಂದ. "ನಮ್ಮಲ್ಲಿ ಒಂದು ಮನೆಗೆ ನಾಲಗೆ ಉದ್ದ ಅಂತೆ!" ಎಂದು ನಕ್ಕ. ಬೇರೆ ಯಾರೂ ನಗಲಿಲ್ಲ.

ನಿಕೊಲಾಸಾಳಿಗೆ ಹೇಳಿದೆ. ಓಡು ಎಂದೆ. ಬೈಯಲೂ ಇಲ್ಲ ಅವಳು.

"ಓಡಿದ್ರೆ ನಾನೇ ಅಂತ ಡಂಗುರ ಹೊಡ್ದಂಗೆ ಅಲ್ವಾ ಕೊಮಾದ್ರೆ?"

ಜಪಸರ ಎಷ್ಟು ಸುತ್ತು ತಿರುಗಿಸಿದರೂ ಹನ್ನೊಂದನೆಯ ಮಣಿಗೆ ಬೆರಳು ನಿಲ್ಲುತ್ತದೆ.

ಜುಲೈ ೧೬, ಮಾತೆಯ ಹಬ್ಬ. ಮಧ್ಯಾಹ್ನ

ಹೊಳೆಯ ಮೇಲ್ಭಾಗದಿಂದ ಮೋಟಾರ್ ದೋಣಿ. ನಾಲ್ವರು. ಒಬ್ಬನ ಕೈಯಲ್ಲಿ ಕಾಗದ. ದೋಣಿಯಿಂದಲೇ ಬೆರಳು ಮಡಿಸಿ ಮನೆ ಎಣಿಸುತ್ತಿದ್ದಾನೆ.

ದಡದಿಂದ ಮೊದಲ ಮನೆ ನನ್ನದು. ಬೆಳಿಗ್ಗೆಯಿಂದ ಬಾಯಿಪಾಠ ಮಾಡಿದ್ದೇನೆ — ದೂರು ಕೊಟ್ಟ ಮನೆ ನಂದೇ, ನಂದೇ. ಹಬ್ಬದ ದಿನ ಸುಳ್ಳು. ತಾಯೀ, ನಿನ್ನ ಮುಖ ಗೋಡೆಗೆ ತಿರುಗಿಸಿಟ್ಟಿದ್ದೇನೆ, ಕ್ಷಮಿಸು. ನಾಲಗೆ ಒಣಗಿದೆ. ಹೇಳಲು ಆದೀತೋ ಇಲ್ಲವೋ...

ಮೋಟಾರ್ ನಿಂತಿತು. ನನ್ನ ಮೆಟ್ಟಿಲ ಮೇಲೆ ಬೂಟಿನ ಸದ್ದು —